ಪಾವಗಡದ ಪೌತಿ ಖಾತೆ ಅಪೀಲ್: ಮಧುಗಿರಿಗೆ ಹೋಗ್ಬೇಕಾ ತುಮಕೂರಿಗಾ?

ತಿರುಮಣಿ ಹುಡುಗ:
ಎಲ್ರಿಗೂ ನಮಸ್ಕಾರ. ನಮ್ದು ಪಾವಗಡ ತಾಲ್ಲೂಕು ನಾಗಲಮಡಿಕೆ ಹೋಬಳಿ, ನಾನಿರೋದು ಬೆಂಗಳೂರಲ್ಲಿ. ಅಪ್ಪ ತೀರ್ಕೊಂಡ್ಮೇಲೆ ಪೌತಿ ಖಾತೆಗೆ, ಅಂದ್ರೆ ಅವ್ರ ಹೆಸರಲ್ಲಿದ್ದ ಜಮೀನಿನ ಖಾತೆ ವಾರಸುದಾರರಾದ ನಮ್ಮ ಹೆಸರಿಗೆ ಮಾಡ್ಸೋಕೆ, ಅರ್ಜಿ ಹಾಕಿದ್ವಿ, ನಮ್ಮತ್ತೆ, ಅಂದ್ರೆ ಅಪ್ಪನ ತಂಗಿ, ತಕರಾರು ಹಾಕಿದ್ರು, ತಹಶೀಲ್ದಾರ್ ಹತ್ರ ಆರ್ಡರ್ ಅವ್ರ ಕಡೆ ಆಯ್ತು. ಜಮೀನು ಸೋಲಾರ್ ಪಾರ್ಕಿಗೆ ಲೀಸಿಗೆ ಕೊಟ್ಟಿರೋದು, ಖಾತೆ ಇತ್ಯರ್ಥ ಆಗೋ ತನಕ ಬಾಡಿಗೆ ದುಡ್ಡು ನಿಂತೋಗಿದೆ. ಈಗ ಎಸಿ ಕೋರ್ಟಿಗೆ ಹೋಗಿ ಅಂತಾರೆ. ಅದು ಮಧುಗಿರೀಲಿ ಜಡ್ಜ್ ಕೂರೋ ಕೋರ್ಟೇನಾ? ನಮ್ಮ ಜಿಲ್ಲೆ ತುಮಕೂರಲ್ವಾ, ಅಲ್ಲಿಗೇ ನೇರ ಹೋದ್ರೆ ಆಗಲ್ವಾ?

ಏಕಶಿಲೆ ಬೆಟ್ಟ:
ಅಲ್ಲ ಗುರು, ಎಲ್ರೂ ಇಲ್ಲೇ ಎಡವೋದು, ನಾನೂ ಒಂದ್ಸಲ ಕರಿಕೋಟಿನವ್ರ ಮಧ್ಯೆ ಅರ್ಧ ದಿನ ಕೂತಿದ್ದು ಎದ್ದು ಬಂದಿದೀನಿ. ಎಸಿ ಅಂದ್ರೆ ಅಸಿಸ್ಟೆಂಟ್ ಕಮಿಷನರ್, ಉಪವಿಭಾಗಾಧಿಕಾರಿ. ಜಡ್ಜ್ ಅಲ್ಲ, ಕಂದಾಯ ಇಲಾಖೆಯವ್ರು. ತುಮಕೂರು ಜಿಲ್ಲೇಲಿ 10 ತಾಲ್ಲೂಕು, 3 ಉಪವಿಭಾಗ: ತುಮಕೂರು, ತಿಪಟೂರು, ಮಧುಗಿರಿ. ಪಾವಗಡ, ಸಿರಾ, ಕೊರಟಗೆರೆ ನಮ್ಮ ಮಧುಗಿರಿಗೇ ಸೇರ್ತವೆ. 1964ರ ಭೂಕಂದಾಯ ಕಾಯ್ದೆ 136(2)ರಲ್ಲಿ ಅಪೀಲು, ಆರ್ಡರ್ ನಿಮಗೆ ತಿಳಿಸಿದ ದಿನದಿಂದ 60 ದಿನ ಟೈಮು. ಮೊದ್ಲು ಆರ್ಡರಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ಅದಿಲ್ದೆ ಯಾವ ವಕೀಲ್ರೂ ಫೈಲ್ ಮುಟ್ಟಲ್ಲ. ತುಮಕೂರು ಬರೋದು ಆಮೇಲೆ, ಎಸಿ ಹತ್ರನೂ ಆಗ್ಲಿಲ್ಲ ಅಂದ್ರೆ 136(3)ರಲ್ಲಿ ಡೀಸಿಗೆ ರಿವಿಷನ್.

ಗಡಿನಾಡಿನವ:
ಪಾವಗಡದವ್ರ ಹಣೇಬರಹ ನೋಡಿ ಸ್ವಾಮಿ. ಜಿಲ್ಲೆ ತುಮಕೂರು, ಎಂಪಿ ಚಿತ್ರದುರ್ಗದೋರು, ಮನೇಲಿ ಮಾತು ತೆಲುಗು, ಮಧುಗಿರಿಗೆ ಹೋಗ್ಬೇಕಂದ್ರೆ ಬಸ್ಸು ನಡುವೆ ಆಂಧ್ರ ದಾಟಿ ಮತ್ತೆ ಕರ್ನಾಟಕಕ್ಕೆ ಬರ್ಬೇಕು. ಯಾಕಂದ್ರೆ ತಾಲ್ಲೂಕಿಗೆ ಸುತ್ತ ಆಂಧ್ರ, ನಮ್ಮ ರಾಜ್ಯಕ್ಕೆ ಅಂಟ್ಕೊಂಡಿರೋದು ಚಿತ್ರದುರ್ಗ ಜಿಲ್ಲೆ ಕಡೆ ಮಾತ್ರ. 2007ರಲ್ಲಿ ಕೋಲಾರ ಒಡೆದು ಚಿಕ್ಕಬಳ್ಳಾಪುರ ಮಾಡಿದ್ರು, ಮಧುಗಿರಿ ಜಿಲ್ಲೆ ಮಾಡಿ ಅಂತ ನಾವು ಕೇಳ್ತಾನೇ ಇದೀವಿ.

ಏಕಶಿಲೆ ಬೆಟ್ಟ:
ಜಿಲ್ಲೆ ಮಾಡಿದ್ರೂ ಬಸ್ಸು ಆಂಧ್ರ ದಾಟೋದು ತಪ್ಪಲ್ಲ ಬಿಡಣ್ಣ 😄

ನಿವೃತ್ತ ಗುಮಾಸ್ತೆ:
ತಮ್ಮಾ ತಿರುಮಣಿ, ಒಂದು ಮಾತು ಕೇಳು, ಬೇಜಾರ್ ಮಾಡ್ಕೋಬೇಡ. ಜಮೀನು ನಿಮ್ಮ ತಾತಂದಾ, ಇಲ್ಲಾ ನಿಮ್ಮಪ್ಪ ಸ್ವಂತ ಕೊಂಡಿದ್ದಾ? ಪಿತ್ರಾರ್ಜಿತ ಆಗಿದ್ದು, ಭಾಗ ಆಗ್ದೇ ಇದ್ರೆ ನಿಮ್ಮತ್ತೆಗೂ ಪಾಲು ಬರುತ್ತೆ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ್ಮೇಲೆ ಹೆಣ್ಮಗಳು ಅಂತ ಬಿಡೋಕೆ ಆಗಲ್ಲ. ಎಸಿ ನೋಡೋದು ಪಹಣೀಲಿ ಯಾರ ಹೆಸರು ಕೂರ್ಬೇಕು ಅಂತ ಅಷ್ಟೇ, ಹಕ್ಕು ಯಾರ್ದು ಅಂತ ತೀರ್ಮಾನ ಮಾಡೋದು ಸಿವಿಲ್ ಕೋರ್ಟು, ಅದು ಪಾವಗಡದಲ್ಲೇ ಇದೆ. ಅಪೀಲ್ ಗೆದ್ರೂ ಅವ್ರು ಭಾಗದ ದಾವೆ ಹಾಕಿದ್ರೆ ಬಾಡಿಗೆ ಮತ್ತೆ ನಿಲ್ಲಬಹುದು. ಶುರೂಲಿ ಎಕರೆಗೆ ವರ್ಷಕ್ಕೆ 21,000 ಇತ್ತು, ಈಗ ಇನ್ನೂ ಜಾಸ್ತಿ, ವಕೀಲರ ಫೀಸಿಗೆ ಹೋಗೋ ದುಡ್ಡಲ್ಲ ಅದು.

ತಿರುಮಣಿ ಹುಡುಗ:
ತಾತನ ಜಮೀನೇ ಸಾರ್. ಭಾಗ ಆಗಿಲ್ಲ. ಅಮ್ಮನ ಹತ್ರ ಈ ಮಾತೆತ್ತಿದ್ರೆ ಮನೇಲಿ ಊಟ ಸಿಗಲ್ಲ, ಆದ್ರೂ ಸರಿ. ನಕಲಿಗೆ ಸೋಮವಾರ ಅರ್ಜಿ ಹಾಕ್ತೀನಿ, 60ರಲ್ಲಿ 22 ದಿನ ಆಗ್ಲೇ ಹೋಯ್ತು. ಅತ್ತೆ ಮನೆ ಮಡಕಶಿರಾದಲ್ಲಿ, ವಕೀಲ್ರನ್ನ ನೋಡೋಕೆ ಮುಂಚೆ ಅಲ್ಲಿಗೊಂದ್ಸಲ ಹೋಗ್ಬರ್ತೀನಿ.