ಉಗಾಂಡಾಕ್ಕೆ ಹೊರಟವರಿಗೆ ಹಳದಿ ಜ್ವರದ ಲಸಿಕೆ, ತೋಟದಲ್ಲಿ ಹಗಲು ಸೊಳ್ಳೆ

ಗೋಣಿಕೊಪ್ಪ_ರೊಬಸ್ಟಾ:
ಇಲ್ಲಿಂದ ಇಬ್ಬರು ಕಾಫಿ ಪಲ್ಪಿಂಗ್ ಕೆಲಸಕ್ಕೆ ಉಗಾಂಡಾಕ್ಕೆ ಹೊರಟಿದ್ದಾರೆ, ಇನ್ನು ಮೂರು ವಾರ ಇದೆ. ಒಬ್ಬರಿಗೆ 62 ವರ್ಷ. ಲಸಿಕೆ ಇಬ್ಬರಿಗೂ ಹಾಕಬಹುದಾ? ವಾಪಸ್ ಬಂದ ಮೇಲೆ ಅವರಿಂದ ರೋಗ ತೋಟದ ಸೊಳ್ಳೆಗಳಿಗೆ ಅಂಟುವ ಭಯ ಇದೆಯಾ?

ಲಸಿಕೆಲೆಕ್ಕ:
ಮೂರು ವಾರ ಸಾಕು, ಆದರೆ ತಡ ಮಾಡಬೇಡಿ. ಲಸಿಕೆ ಹಾಕಿಸಿ 10 ದಿನ ಕಳೆದ ಮೇಲೇ ಪ್ರಯಾಣಕ್ಕೆ ಬೇಕಾದ ಲಸಿಕೆ ಪ್ರಮಾಣಪತ್ರ ಊರ್ಜಿತ. ಸರ್ಕಾರ ಅಧಿಕೃತಗೊಳಿಸಿದ ಕೇಂದ್ರದ ಮೊಹರು ಬೇಕು, ಅದಕ್ಕೆ ಬೆಂಗಳೂರಿಗೆ ಹೋಗಿ. ಒಂದು ವಯಲ್‌ನಲ್ಲಿ ಹಲವರ ಡೋಸ್ ಇರುತ್ತದೆ, ಕಲಸಿದ ಮೇಲೆ 6 ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ಬೇಕಾದಾಗ ಹೋದರೆ ಸಿಗದೇ ಇರಬಹುದು, ಮೊದಲೇ ದಿನ ಗೊತ್ತುಮಾಡಿಕೊಳ್ಳಿ. ಒಂದೇ ಡೋಸ್, 0.5 ಮಿ.ಲೀ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಬ್ಯಾಚ್ ಸಂಖ್ಯೆ ಸರಿಯಿದೆಯೇ ಎಂದು ಅಲ್ಲೇ ನೋಡಿ. 2016ರ ಜುಲೈ 11ರಿಂದ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ, ಹತ್ತು ವರ್ಷಕ್ಕೆ ಬೂಸ್ಟರ್ ಎಂಬ ಹಳೆಯ ಮಾತು ಬಿಡಿ.

62 ವರ್ಷದವರ ವಿಷಯ ಬೇರೆ. ಇದು ಜೀವಂತ ವೈರಸ್‌ನ ಲಸಿಕೆ. 60 ದಾಟಿದವರಿಗೆ ಮೊದಲ ಡೋಸ್‌ನಲ್ಲಿ ಅಂಗಾಂಗಕ್ಕೆ ತೊಂದರೆಯಾಗುವ ಅಪಾಯ ಹೆಚ್ಚು, ಅಪರೂಪವಾದರೂ. ನಿಷೇಧವಿಲ್ಲ, ವೈದ್ಯರು ತೂಗಿ ಹೇಳಬೇಕು. ಮೊಟ್ಟೆಗೆ ತೀವ್ರ ಅಲರ್ಜಿ, ಎದೆಯೊಳಗಿನ ಥೈಮಸ್ ಗ್ರಂಥಿಯ ಕಾಯಿಲೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ಇದ್ದರೆ ಬೇಡವೇ ಬೇಡ. ಲಸಿಕೆ ಇಲ್ಲದೆ ಮರಳಿದರೆ ಇಲ್ಲಿ 6 ದಿನದವರೆಗೆ ಪ್ರತ್ಯೇಕವಾಸಕ್ಕೆ ಹಾಕಬಹುದು.

ಹಾಳೆಮಡಕೆ:
ಎರಡನೇ ಪ್ರಶ್ನೆಗೆ: ಭಾರತದಲ್ಲಿ ಈ ರೋಗ ನೆಲೆಯೂರಿಲ್ಲ, ಆದರೆ ಸೊಳ್ಳೆ ಇದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಇದನ್ನೂ ಹೊರಬಲ್ಲದು. ರೋಗಿಯ ರಕ್ತದಲ್ಲಿ ವೈರಸ್ ಇರುವುದು ಜ್ವರ ಬರುವ ಸ್ವಲ್ಪ ಮೊದಲಿನಿಂದ ಮೂರರಿಂದ ಐದು ದಿನದವರೆಗೆ. ಆ ಹೊತ್ತಿನಲ್ಲಿ ರೋಗಿ ಹಗಲೂ ಸೊಳ್ಳೆ ಪರದೆಯೊಳಗೇ ಇರಬೇಕು. ಈಡಿಸ್ ಕಚ್ಚುವುದು ಹಗಲಿನಲ್ಲಿ, ರಾತ್ರಿ ಮಾತ್ರ ಪರದೆ ಕಟ್ಟಿ ಪ್ರಯೋಜನವಿಲ್ಲ.

ಸೊಳ್ಳೆ ಹುಟ್ಟದಂತೆ ನೋಡುವಾಗ ತೋಟದಲ್ಲಿ ಎಲ್ಲರೂ ತಪ್ಪುವುದು ನೀರಿನ ಡ್ರಮ್ಮಿನ ವಿಷಯದಲ್ಲಿ. ಬೋರ್ಡೋ ದ್ರಾವಣ (ಗಿಡದ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಮೈಲುತುತ್ತು-ಸುಣ್ಣದ ಮಿಶ್ರಣ) ಕಲಸುವ ಡ್ರಮ್ ಬೋರಲು ಹಾಕಿದರೆ ಸಾಲದು. ಸೊಳ್ಳೆಯ ಮೊಟ್ಟೆ ನೀರಿನಲ್ಲಿಲ್ಲ, ನೀರಿನ ಗೆರೆಯ ಮೇಲೆ ಗೋಡೆಗೆ ಅಂಟಿರುತ್ತದೆ, ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತದೆ. ತೆಂಗಿನ ನಾರು ಹಿಡಿದು ಒಳಗೋಡೆ ಉಜ್ಜಬೇಕು, ವಾರಕ್ಕೊಮ್ಮೆ. ಬೆಚ್ಚನೆ ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಅಡಿಕೆ ಹಾಳೆ ಮಳೆಗೆ ಅಂಗಾತ ಬಿದ್ದಿದ್ದರೆ ಪ್ರತಿಯೊಂದೂ ಒಂದು ತೊಟ್ಟಿ, ಆಯ್ದು ಮಾಡಿನಡಿ ಹಾಕಿ. ಬಿದಿರನ್ನು ಗಂಟಿನ ಮೇಲೇ ಕಡಿಯಿರಿ, ಇಲ್ಲವಾದರೆ ಉಳಿದ ಮೋಟು ಲೋಟದಂತೆ ನೀರು ಹಿಡಿಯುತ್ತದೆ. ಮರ ಕಪಾತು ಮಾಡಿದ (ಕೊಂಬೆ ಕಡಿದ) ಕಡೆ ಆದ ಪೊಟರೆಗೆ ಮಣ್ಣು ತುಂಬಿಸಿ. ಖಾಲಿ ಮಾಡಲಾಗದ ತೊಟ್ಟಿಗೆ ಲಾರ್ವಾ (ಸೊಳ್ಳೆಮರಿ) ಕೊಲ್ಲುವ 1% ಟೆಮಿಫಾಸ್ ಹರಳು, 10 ಲೀಟರ್‌ಗೆ 1 ಗ್ರಾಂ.

ಗೋಣಿಕೊಪ್ಪ_ರೊಬಸ್ಟಾ:
ಫಾಗಿಂಗ್ ಮಾಡಿಸಿದರೆ?

ಹಾಳೆಮಡಕೆ:
ಹಾರುವ ಸೊಳ್ಳೆ ಅವತ್ತಿಗೆ ಸಾಯುತ್ತದೆ. ಲಾರ್ವಾ ಉಳಿಯುತ್ತದೆ, ವಾರದಲ್ಲಿ ಮತ್ತೆ ಅಷ್ಟೇ.

ಲಸಿಕೆಲೆಕ್ಕ:
ಒಂದು ಮಾತು ಸೇರಿಸುತ್ತೇನೆ. ಹಳದಿ ಜ್ವರದಲ್ಲಿ ಕೆಲವರಿಗೆ ಮೊದಲ ಜ್ವರ ಇಳಿದು ಗುಣವಾದಂತೆ ಕಂಡು, ಒಂದು ದಿನದೊಳಗೆ ಮತ್ತೆ ಏರುತ್ತದೆ, ಆಗ ಕಾಮಾಲೆ, ರಕ್ತಸ್ರಾವ. ಬಂದ ಮೇಲೆ 6 ದಿನದೊಳಗೆ ಜ್ವರ ಬಂದರೆ ಪ್ರಯಾಣದ ವಿಷಯ ವೈದ್ಯರಿಗೆ ಮೊದಲೇ ಹೇಳಿ. ಆಸ್ಪಿರಿನ್, ಐಬುಪ್ರೊಫೇನ್ ಮುಟ್ಟಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ಹೊರದೇಶಕ್ಕೆ ಹೋಗದ ತೋಟದ ಆಳಿಗೆ ಮಳೆಗಾಲದಲ್ಲಿ ಜ್ವರದ ಜತೆ ಕಣ್ಣು ಹಳದಿಯಾದರೆ ಮೊದಲು ಇಲಿಜ್ವರ ಅಥವಾ ಹೆಪಟೈಟಿಸ್ ಪರೀಕ್ಷೆ ಮಾಡಿಸಿ.