ಜರ್ಮನಿಯ ಸಣ್ಣ ಊರಲ್ಲಿ ಹುಡುಗಿಯರ ಕ್ರಿಕೆಟ್: ಮ್ಯಾಟೋ ಕಾಂಕ್ರೀಟೋ? ಅನುಭವ ಇದ್ದವರು ಹೇಳಿ

ವಿನುತಾ_ಬವೇರಿಯಾ (ಪ್ರಶ್ನೆ):
ನಾವಿರೋದು ಉತ್ತರ ಬವೇರಿಯಾದ ಸಣ್ಣ ಊರು. 9ರಿಂದ 14 ವಯಸ್ಸಿನ ಹದಿಮೂರು ಹುಡುಗಿಯರು ಸೇರಿದ್ದಾರೆ. ಎಂಟು ಜನ ನಮ್ಮ ಕಡೆಯವರು, ಮೂವರು ಅಫ್ಘನ್, ಇಬ್ಬರು ಜರ್ಮನ್. ಊರಿನ ಫುಟ್‌ಬಾಲ್ ಸಂಘದವರು ಭಾನುವಾರ ಬೆಳಿಗ್ಗೆ ಒಂದು ಹುಲ್ಲಿನ ಮೈದಾನ ಬಿಟ್ಟುಕೊಡ್ತೀವಿ ಅಂದಿದ್ದಾರೆ. ಕೈಯಲ್ಲಿರೋದು 2500 ಯೂರೋ. ಕಾಂಕ್ರೀಟ್ ಪಿಚ್‌ಗೆ ಕೈ ಹಾಕ್ಬೇಕಾ, ಸುರುಳಿ ಮ್ಯಾಟ್ ಸಾಕಾ? ಸ್ವಂತ ಸಂಘ ನೋಂದಾಯಿಸೋದಾ, ಫುಟ್‌ಬಾಲ್ ಸಂಘದೊಳಗೇ ಒಂದು ವಿಭಾಗ ಆಗೋದಾ? ಚಳಿಗಾಲಕ್ಕೆ ನೀವೆಲ್ಲ ಏನು ಮಾಡ್ತೀರಿ?

ಕಾವೇರಿ_ರೈನ್:
ಮ್ಯಾಟ್ ಅನ್ನೋರ ಮಾತು ಕೇಳ್ಬೇಡಿ ಮೇಡಂ. ನಮ್ಮ ಸಂಘದ್ದು ಕಾಂಕ್ರೀಟು, ಅದೇ ಸರಿ ಅಂತ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಆದ್ರೆ ಲೆಕ್ಕ ಗೊತ್ತಿಲ್ಲದೆ ಇಳಿದ್ರೆ ದುಡ್ಡು ನೀರಾಗುತ್ತೆ.

ಗುತ್ತಿಗೆದಾರ ಕೊಡೋ ನಕ್ಷೆ 28 ಮೀಟರ್ ಉದ್ದ, 2.5 ಅಗಲ, 12 ಸೆಂಟಿಮೀಟರ್ ದಪ್ಪ. ಗುಣಿಸಿ ನೋಡಿ, 8.4 ಘನ ಮೀಟರ್. ನಾಲ್ಕು ಆಕ್ಸಲ್‌ನ ಮಿಕ್ಸರ್ ಗಾಡಿ ಹೊರೋದು ಏಳೂವರೆಯಿಂದ ಎಂಟು. ಮಿಕ್ಕ ಚೂರಿಗೆ ಎರಡನೇ ಗಾಡಿ, ಅದಕ್ಕೆ ಕಮ್ಮಿ ಮಾಲಿನ ಹೆಚ್ಚುವರಿ ದರ, ಅದು ತಡವಾಗಿ ಬಂದ್ರೆ ಮಧ್ಯದಲ್ಲೊಂದು ಕೋಲ್ಡ್ ಜಾಯಿಂಟ್, ಅಂದ್ರೆ ಹಳೇ ಕಾಂಕ್ರೀಟಿಗೆ ಹೊಸದು ಸರಿಯಾಗಿ ಬೆಸೆಯದ ಗೆರೆ. 27 × 2.4ಕ್ಕೆ ಇಳಿಸಿ, 7.8ರೊಳಗೆ ಮುಗಿಯುತ್ತೆ, ಒಂದೇ ಗಾಡಿ. ಎಂಟರ ಗಾಡಿಯೇ ಕಳಿಸ್ಬೇಕು ಅಂತ ಮೊದಲೇ ಬರೆಸ್ಕೊಳ್ಳಿ.

ಕೆಳಗಿನ ಜಲ್ಲಿಯಲ್ಲಿ ಜಿಪುಣತನ ಮಾಡಿದ್ರೆ ಮೊದಲ ಚಳಿಗಾಲಕ್ಕೇ ಮಣ್ಣಿನ ನೀರು ಹೆಪ್ಪುಗಟ್ಟಿ ಚಪ್ಪಡಿ ಮೇಲೇಳುತ್ತೆ. ಕನಿಷ್ಠ 30 ಸೆಂಟಿಮೀಟರ್, ಎರಡು ಪದರ, ಪ್ರತಿ ಪದರಕ್ಕೂ ಕಂಪ್ಯಾಕ್ಟರ್. ಹತ್ತಿರ ಹತ್ತಿರ 45 ಟನ್ ಜಲ್ಲಿ. ಅಗೆದ ಮಣ್ಣನ್ನ ಸುರಿಯೋ ಜಾಗದವರು ಪ್ರಯೋಗಾಲಯದ ವರದಿ ಇಲ್ಲದೆ ಒಳಗೆ ಬಿಡಲ್ಲ. ಆ ಖರ್ಚು ಯಾವ ಕೊಟೇಶನ್‌ನಲ್ಲೂ ಇರಲ್ಲ. ಇನ್ನು ಕಾಂಕ್ರೀಟ್ ಎಲ್ಲೆಂದರಲ್ಲಿ ಬಿರುಕು ಬಿಡದಿರಲಿ ಅಂತ ಜಾಯಿಂಟ್ ಕೊಯ್ಯೋವಾಗ ಗುತ್ತಿಗೆದಾರ ಟೇಪ್ ಹಿಡಿದು ಸಮಭಾಗ ಮಾಡ್ತಾನೆ, ಒಂದು ಸೀಳು ಸರಿಯಾಗಿ ಗುಡ್ ಲೆಂಗ್ತ್ ಮೇಲೆ, ಅಂದ್ರೆ ಒಳ್ಳೆ ಚೆಂಡು ಪುಟಿಯೋ ಜಾಗದ ಮೇಲೆ ಬೀಳುತ್ತೆ. ಎರಡೂ ತುದಿಯ ಸ್ಟಂಪ್‌ನಿಂದ 3.5ರಿಂದ 7 ಮೀಟರ್‌ವರೆಗೆ ಗರಗಸ ಮುಟ್ಟಬಾರದು ಅಂತ ಸೀಮೆಸುಣ್ಣದಲ್ಲಿ ಗೀಚಿ ಕೊಡಿ. ಅಡ್ಡಕ್ಕೆ ಶೇ. 1 ಇಳಿಜಾರು ಸಾಕು.

ಹುಬ್ಬಳ್ಳಿ_ಹುಡುಗ:
ಸಾಹೇಬ್ರ, ಅಕ್ಕಾವ್ರ ಕೈಯಾಗ ಐತಿ ಎರಡೂವರಿ ಸಾವಿರ, ನೀವು 45 ಟನ್ ಜಲ್ಲಿ ಲೆಕ್ಕಾ ಹೇಳಾಕತ್ತೀರಿ. ಮಂದಿ ಫುಟ್‌ಬಾಲ್ ಮೈದಾನದ ನಡುವ ಕಾಂಕ್ರೀಟ್ ಸುರೀರಿ ಅಂತ ಯಾರ್ ಬಿಡ್ತಾರ್ರೀ?

ನಮ್ಮಲ್ಲಿ ಸುರುಳಿ ಮ್ಯಾಟು. ತೆಂಗಿನ ನಾರಿಂದು ಬ್ಯಾಡ. ಇಲ್ಲಿ ಮಳಿಗೆ ನೀರು ಕುಡದು ಎತ್ತಾಕ ಬರಂಗಿಲ್ಲ, ಶೆಡ್ಡಿನ್ಯಾಗ ಒಣಗದ ಕೊಳೀತೈತಿ. ಪ್ಲಾಸ್ಟಿಕ್ ತುಂಡು ಜೋಡಿಸಿದ್ದು ತುಟ್ಟಿ, ಆದ್ರ ಬಾಳಿಕಿ ಬರ್ತೈತಿ, ನಾಕು ಮಂದಿ ಹಿಡದ್ರ ಉರುಳಸಬಹುದು. ಹಾಸೋ ಮುಂಚೆ ಹುಲ್ಲು ಗಿಡ್ಡ ಇರಬೇಕು, ಒಂದ್ ತುದಿಗೆ ಮೊದಲ ಮೊಳಿ ಹೊಡದು, ಇನ್ನೊಂದ್ ತುದಿಯಿಂದ ಎಳೀಬೇಕು, ಆಮ್ಯಾಲ ಬದಿ. ನಡುವಿನಿಂದ ಹೊಡ್ಕೊಂತ ಹ್ವಾದ್ರ ಬಾಲ್ ಬೀಳೋ ಜಾಗಾದಾಗ ಮಡಚಿ ಏಳ್ತೈತಿ.

ಖರೇ ಸಮಸ್ಯೆ ಮೊಳೀದು. 25 ಮೀಟರ್ ಮ್ಯಾಟಿಗೆ ಎರಡೂ ಬದಿ ಮೀಟರಿಗೊಂದು, ತುದಿಗೆ ನಾಕ್ನಾಕು, ಅರವತ್ತು ಮೊಳಿ ಆದೂವು. ಫುಟ್‌ಬಾಲಿನವ್ರ ಹುಲ್ಲು ಕತ್ತರಸೂದು ರೋಬೋ. ಒಂದ್ ಮೊಳಿ ಹುಲ್ಲಾಗ ಉಳೀತಂದ್ರ ಅದರ ಬ್ಲೇಡ್ ಹೋತು, ನಿಮ್ಮ ಭಾನುವಾರಾನೂ ಹೋತು. ಒಂದ್ ಹಲಗಿಗೆ ಅರವತ್ತು ತೂತು ಕೊರೀರಿ, ಮೊಳಿ ತಲಿಗೆ ಕೆಂಪು ಬಣ್ಣಾ ಹಚ್ಚರಿ. ಆಟ ಮುಗದ ಮ್ಯಾಲ ತೂತಿಗೊಂದು ಮೊಳಿ. ಖಾಲಿ ತೂತು ಕಂಡ್ರ ಯಾರೂ ಮನಿಗೆ ಹೋಗಂಗಿಲ್ಲ. ಕೋಲಿಗೆ ಕಟ್ಟಿದ ಅಯಸ್ಕಾಂತ ಒಂದು ಇರ್ಲಿ.

ಕಾವೇರಿ_ರೈನ್:
ಹೌದಪ್ಪ, ಫುಟ್‌ಬಾಲ್ ಬೂಟಿನ ಗುಳಿ ಮೇಲೆ ಮ್ಯಾಟ್ ಹಾಸಿ, ಒಂದು ಚೆಂಡು ಮೊಣಕಾಲಿಗೆ, ಅದೇ ಜಾಗದಿಂದ ಇನ್ನೊಂದು ಗಲ್ಲಕ್ಕೆ. 9 ವರ್ಷದ ಮಗು ಮುಂಗಾಲು ಹಾಕೋದನ್ನೇ ಬಿಟ್ಟುಬಿಡುತ್ತೆ. ಆಮೇಲೆ ಯಾವ ಕೋಚ್ ಬಂದ್ರೂ ಆ ಹೆದರಿಕೆ ತಿದ್ದಕ್ಕಾಗಲ್ಲ.

ಸುಮಾ_ಸ್ಟುಟ್‌ಗಾರ್ಟ್:
ಪಿಚ್ ಮೇಲೆ ನೀವಿಬ್ಬರೂ ಬಡಿದಾಡ್ಕೊಳ್ಳಿ. ಹುಡುಗಿಯರು ಬಿಟ್ಟು ಹೋಗೋದು ಪಿಚ್‌ನಿಂದಲ್ಲ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಆಟವೇ ಇಲ್ಲದೆ ಹ್ಯಾಂಡ್‌ಬಾಲ್‌ಗೆ ಹೋಗ್ತಾರೆ, ವಾಪಸ್ ಬರಲ್ಲ.

ಒಳಾಂಗಣದ ಹಾಲೆ (ಆಟದ ಹಾಲ್‌ಗೆ ಜರ್ಮನ್ ಹೆಸರು) ಹಂಚೋದು ಊರಿನ ಕ್ರೀಡಾ ಕಚೇರಿ. ಚಳಿಗಾಲದ ಪಟ್ಟಿ ಬೇಸಿಗೆ ರಜೆಗೆ ಮುಂಚೆಯೇ ಮುಗಿದಿರುತ್ತೆ, ಸೆಪ್ಟೆಂಬರ್‌ನಲ್ಲಿ ಕೇಳಿದ್ರೆ ಶುಕ್ರವಾರ ರಾತ್ರಿ ಎಂಟೂವರೆ ಸಿಗುತ್ತೆ. ಹತ್ತು ವರ್ಷದವಳಿಗೆ ಅದರಿಂದ ಏನು ಉಪಯೋಗ? 27 × 45ರ ಮೂರು ಭಾಗದ ದೊಡ್ಡ ಹಾಲೆಗೆ ಎಲ್ಲರೂ ಮುಗಿಬೀಳ್ತಾರೆ. ಪ್ರಾಥಮಿಕ ಶಾಲೆಯ 15 × 27ರ ಸಣ್ಣದನ್ನ ಸಂಜೆ ನಾಲ್ಕಕ್ಕೆ ಕೇಳಿ, ಸಿಗುತ್ತೆ. ಅದರಲ್ಲಿ ಪೂರ್ತಿ 20.12 ಮೀಟರ್ ಇಟ್ಟರೆ ಓಡಿ ಬರೋಕೆ ಜಾಗ ಇರಲ್ಲ. 16 ಮೀಟರ್‌ಗೆ ಸ್ಟಂಪ್ ನೆಡಿ, ಮೂರು ಹೆಜ್ಜೆಯ ಬೌಲಿಂಗ್. ಆಸ್ಟ್ರೇಲಿಯಾದ ಮಕ್ಕಳ ಪಂದ್ಯದಲ್ಲೂ ಮೊದಲ ಹಂತಕ್ಕೆ 16 ಮೀಟರ್, ತಂಡಕ್ಕೆ 7 ಜನ. ಎರಡನೇ ಹಂತಕ್ಕೆ 18 ಮೀಟರ್, 9 ಜನ. ಹನ್ನೊಂದು ಜನ ಆಗ್ಲಿ ಅಂತ ಕಾಯ್ತಾ ಕೂರೋರಿಗೆ ಇದು ಅರ್ಥ ಆಗಲ್ಲ.

ಹಾಲೆಯ ಉಸ್ತುವಾರಿಯವರು ಚೆಂಡು ನೋಡಿ ಕೆಂಡ ಆಗ್ತಾರೆ. ಅವರ ತಪ್ಪಲ್ಲ. ಗೋಡೆ, ದೀಪ ಎಲ್ಲ ಜರ್ಮನ್ ಮಾನದಂಡ ಡಿನ್ 18032‑3 ಪ್ರಕಾರ ಹ್ಯಾಂಡ್‌ಬಾಲ್, ಹಾಕಿ ಚೆಂಡಿನಲ್ಲಿ ಪರೀಕ್ಷೆ ಆಗಿರೋದು, ಕ್ರಿಕೆಟ್ ಚೆಂಡಿನಲ್ಲಲ್ಲ. ಮೊದಲ ದಿನವೇ ಮೆತ್ತನೆ ಚೆಂಡನ್ನ ಅವರ ಕೈಗೆ ಕೊಟ್ಟು ಗೋಡೆಗೆ ಎಸೀರಿ ಅನ್ನಿ. ಶೂ ತಳ ನೆಲಕ್ಕೆ ಗೆರೆ ಬಿಡಬಾರದು. ಮೊದಲ ದೂರು ಬರೋದೇ ಅದರ ಮೇಲೆ.

ಚೆಂಡಿನ ವಿಷಯದಲ್ಲಿ ಅಪ್ಪಂದಿರ ಒತ್ತಡಕ್ಕೆ ಬಗ್ಗಬೇಡಿ. ಗಂಡಸರ ಚೆಂಡು 156–163 ಗ್ರಾಂ. ಮಹಿಳೆಯರದ್ದು 140–151, 13ರೊಳಗಿನವರದ್ದು 133–144. ಪಕ್ಕದ ಊರಿನ ಗಂಡಸರ ತಂಡ ದಾನ ಕೊಟ್ಟ ಹಳೇ ಚೆಂಡಿನಲ್ಲಿ ಅಭ್ಯಾಸ ಶುರು ಮಾಡಿದ್ರೆ ಬೆರಳು ಹಿಡಿತಕ್ಕೆ ಕೂರಲ್ಲ, ಸ್ಪಿನ್ ಹುಟ್ಟಲ್ಲ. ಬ್ಯಾಟೂ ಹಾಗೇ. ದೊಡ್ಡದು ತಗೊಂಡ್ರೆ ಬೆಳೆದ ಮೇಲೂ ಬರುತ್ತೆ ಅಂತ ಹ್ಯಾರೋ (6ನೇ ಸೈಜಿಗಿಂತ ದೊಡ್ಡದು) ಕೊಡಿಸ್ತಾರೆ, ಮಗು ಮೇಲಿನ ಕೈ ಬಿಟ್ಟು ಕೆಳಗಿನ ಕೈಯಲ್ಲೇ ಎಳೆಯುತ್ತೆ. ಹದಿಮೂರು ಜನಕ್ಕೆ 4ನೇ ಸೈಜ್ ಎರಡು, 5 ಮೂರು, 6 ಎರಡು, ಹ್ಯಾರೋ ಒಂದು. ಹೆಲ್ಮೆಟ್ ಕೊಳ್ಳೋವಾಗ ಜಡೆ ಹಿಂದಿನಿಂದ ಹೊರಬರೋಕೆ ಜಾಗ ಇದೆಯಾ ನೋಡಿ. ಜಡೆ ಒಳಗೆ ತುರುಕಿದ್ರೆ ಹೆಲ್ಮೆಟ್ ಮುಂದಕ್ಕೆ ಜಾರಿ ಗ್ರಿಲ್ ಕಣ್ಣಿಗೆ ಅಡ್ಡ ಬರುತ್ತೆ.

ಭಾನುವಾರ ಮೈದಾನ ಕೊಡ್ತೀವಿ ಅಂದ್ರಲ್ಲ, ಬಟ್ಟೆ ಬದಲಿಸೋ ಕೋಣೆ, ಟಾಯ್ಲೆಟ್ ಬೀಗದ ಕೈ ಕೊಡ್ತಾರಾ? ಅದನ್ನ ಕಾಗದದಲ್ಲಿ ಬರೆಸಿ.

ಲೆಕ್ಕದ_ಮೂರ್ತಿ:
ಎಲ್ಲರೂ ಕೊನೆಯಿಂದ ಶುರು ಮಾಡ್ತಿದ್ದೀರಿ. ಸಂಘ ಯಾವುದು ಅಂತ ತೀರ್ಮಾನ ಆಗದೆ ಹಾಲೆಗೆ ಅರ್ಜಿ ಯಾರ ಹೆಸರಲ್ಲಿ ಹಾಕ್ತೀರಿ?

ಸ್ವಂತ ಸಂಘದ ಪರ ನಾನು. ನೋಂದಣಿಗೆ ಏಳು ಜನ ಬೇಕು. ಬೈಲಾ ಬರೆದು ಸಹಿ ಹಾಕೋ ಮೊದಲೇ ಕರಡನ್ನ ತೆರಿಗೆ ಕಚೇರಿಗೆ ಕಳಿಸಿ. ಸಾರ್ವಜನಿಕ ಹಿತದ ಸಂಘ ಅನ್ನೋ ಮಾನ್ಯತೆಗೆ ಒಂದು ವಾಕ್ಯ ಕಮ್ಮಿ ಇದ್ರೂ ವಾಪಸ್. ಆಗ ಮತ್ತೆ ಸಭೆ, ಮತ್ತೆ ಸಹಿ ದೃಢೀಕರಣ, ಮತ್ತೆ ಶುಲ್ಕ. ಸಂಘ ವಿಸರ್ಜನೆ ಆದ್ರೆ ಆಸ್ತಿ ಯಾರಿಗೆ ಅನ್ನೋ ಕಲಮಿನಲ್ಲೇ ಹೆಚ್ಚು ಜನ ಸಿಕ್ಕಿಬೀಳೋದು. ಆ ಮಾನ್ಯತೆ ಬಂದ್ರೇನೇ ರಾಜ್ಯದ ಕ್ರೀಡಾ ಒಕ್ಕೂಟ, ಅದಾದ ಮೇಲೆ ಗುಂಪು ವಿಮೆ.

ತರಬೇತಿ ಕೊಡೋರಿಗೆ ವರ್ಷಕ್ಕೆ 3000 ಯೂರೋವರೆಗೆ ತೆರಿಗೆ ಇರಲಿಲ್ಲ, 2026ರಿಂದ 3300. ಮಕ್ಕಳ ಜೊತೆ ಇರೋ ಪ್ರತಿಯೊಬ್ಬರದ್ದೂ ವಿಸ್ತೃತ ಪೊಲೀಸ್ ಪ್ರಮಾಣಪತ್ರ ನೋಡಿ. ಸ್ವಯಂಸೇವಕರಿಗೆ ಶುಲ್ಕ ಇಲ್ಲ, ಆದ್ರೆ ಸಂಘದ ಪತ್ರ ತೋರಿಸ್ಬೇಕು. ಕಡಿಮೆ ಆದಾಯದ ಮನೆಯ ಮಕ್ಕಳ ಸದಸ್ಯ ಶುಲ್ಕಕ್ಕೆ ಸರ್ಕಾರ ತಿಂಗಳಿಗೆ 15 ಯೂರೋ ಕೊಡುತ್ತೆ. ಆ ಅಫ್ಘನ್ ಮನೆಗಳಿಗೆ ಅರ್ಜಿ ತುಂಬಿಕೊಡಿ, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಹುಬ್ಬಳ್ಳಿ_ಹುಡುಗ:
ಏಳು ಮಂದಿ ಸಿಕ್ಕಾರು ಮೂರ್ತಿಯವ್ರ. ಎರಡು ವರ್ಷ ಆದ ಮ್ಯಾಲ ಖಜಾಂಚಿ ಆಗಾಕ ಒಬ್ರೂ ಸಿಗಂಗಿಲ್ಲ. ದೊಡ್ಡ ಸಂಘದಾಗ ವಿಭಾಗ ಆದ್ರ ವಿಮೆ, ಹಾಲೆ, ಲೆಕ್ಕಾ ಎಲ್ಲಾ ತಯಾರ್ ಇರ್ತೈತಿ.

ಲೆಕ್ಕದ_ಮೂರ್ತಿ:
ತಯಾರ್ ಇರುತ್ತೆ, ದುಡ್ಡೂ ಅವರ ಖಾತೆಗೇ ಹೋಗುತ್ತೆ. ಪ್ಯಾಡ್ ಕೊಳ್ಳೋಕೆ ಅವರ ಸಭೆಯಲ್ಲಿ ಕೈ ಎತ್ತಿಸ್ಬೇಕು. ಹುಲ್ಲಿಗೆ ವಿಶ್ರಾಂತಿ ಅಂತ ಮೈದಾನ ಮುಚ್ಚಿದ್ರೆ ಮೊದಲು ಹೋಗೋದು ನಿಮ್ಮ ಭಾನುವಾರವೇ. ಅನುಭವಿಸಿದವರಿಗೆ ಗೊತ್ತು.

ಭದ್ರಾ_ಬರ್ಲಿನ್:
ಹುಡುಗಿಯರಿಗೆ ಮೊದಲು ಅನುರಾಧಾ ದೊಡ್ಡಬಳ್ಳಾಪುರ ಅವರ ಬಗ್ಗೆ ಹೇಳಿ. ಜರ್ಮನಿ ತಂಡದ ನಾಯಕಿಯಾಗಿದ್ದವರು, ನಮ್ಮ ಕರ್ನಾಟಕದವರು, ಬಾಡ್ ನೌಹೈಮ್‌ನಲ್ಲಿ ಹೃದಯದ ಸಂಶೋಧನೆ ಮಾಡ್ತಾ ಆಡಿದವರು. 2020ರ ಆಗಸ್ಟ್‌ನಲ್ಲಿ ಆಸ್ಟ್ರಿಯಾ ವಿರುದ್ಧ ನಾಲ್ಕು ಚೆಂಡಿಗೆ ನಾಲ್ಕು ವಿಕೆಟ್, ಒಟ್ಟು 1 ರನ್‌ಗೆ 5! ಆ ಸರಣಿ ಜರ್ಮನಿ 5–0 ಗೆದ್ದಿತು.

ಸುಮಾ_ಸ್ಟುಟ್‌ಗಾರ್ಟ್:
ಹೆಮ್ಮೆ ನಮಗೂ ಇದೆ. ಆದ್ರೆ ಅವರು ಕ್ರಿಕೆಟ್ ಕಲಿತಿದ್ದು ಕರ್ನಾಟಕದಲ್ಲಿ, ಜರ್ಮನಿಯ ಯಾವ ಹಾಲೆಯಲ್ಲೂ ಅಲ್ಲ. ವಲಸೆ ಬಂದವರನ್ನೇ ನೆಚ್ಚಿಕೊಂಡ್ರೆ ಇಲ್ಲಿ ಬೇರು ಬಿಡಲ್ಲ. ಥಾಯ್ಲೆಂಡ್‌ನವರು ಸಾಫ್ಟ್‌ಬಾಲ್ ಆಡೋ ಹುಡುಗಿಯರನ್ನ ಕರೆತಂದು 2020ರ ಟಿ20 ವಿಶ್ವಕಪ್‌ವರೆಗೆ ಹೋದ್ರು. ಬ್ರೆಜಿಲ್‌ನ ಪೋಸೋಸ್ ಡಿ ಕಾಲ್ಡಾಸ್‌ನಲ್ಲಿ ಶಾಲೆ ಶಾಲೆಗೂ ಹೋಗಿ ಕಲಿಸಿದ್ರು, 2020ರಲ್ಲಿ ಗಂಡಸರಿಗಿಂತ ಮೊದಲು ಹೆಣ್ಣುಮಕ್ಕಳಿಗೆ ಸಂಬಳದ ಒಪ್ಪಂದ ಕೊಟ್ರು. ಅಲ್ಲಿ ಕ್ರಿಕೆಟ್ ಗೊತ್ತಿರೋ ಅಪ್ಪಂದಿರು ಎಷ್ಟು ಜನ ಇದ್ರು ಹೇಳಿ? ರುವಾಂಡಾದ 19ರೊಳಗಿನ ಹುಡುಗಿಯರು 2023ರಲ್ಲಿ ವೆಸ್ಟ್ ಇಂಡೀಸನ್ನೇ ಸೋಲಿಸಿದ್ರು.

ಮೈದಾನದಲ್ಲಿ ನಾವು ಕನ್ನಡ, ಹಿಂದಿಯಲ್ಲೇ ಕೂಗಾಡಿದ್ರೆ ಆ ಇಬ್ಬರು ಜರ್ಮನ್ ಹುಡುಗಿಯರು ಕ್ರಿಸ್‌ಮಸ್ ಒಳಗೆ ಜಾಗ ಖಾಲಿ ಮಾಡ್ತಾರೆ. ಸೂಚನೆ ಜರ್ಮನ್‌ನಲ್ಲಿರಲಿ. ಹ್ಯಾಂಡ್‌ಬಾಲ್ ಆಡಿದವಳಿಗೆ ಎಸೆತ ಆಗಲೇ ಬರುತ್ತೆ. ಅವಳನ್ನ ಮೊದಲು ಪಾಯಿಂಟ್ ಅನ್ನೋ ಫೀಲ್ಡಿಂಗ್ ಜಾಗದಲ್ಲಿ ನಿಲ್ಲಿಸಿ, ರನ್ ಔಟ್ ಮಾಡ್ಲಿ. ಬೌಲಿಂಗ್‌ಗೆ ತಂದ ದಿನವೇ ಎಸೆಯೋ ಹಾಗೆ ಮಡಚೋ ಮೊಣಕೈ ತಿದ್ದೋಕೆ ಹೋದ್ರೆ ಬೇಜಾರಾಗಿ ಹೋಗ್ತಾಳೆ.

ಭದ್ರಾ_ಬರ್ಲಿನ್:
ಕನ್ನಡ ಮಾತಾಡೋದೇ ತಪ್ಪು ಅನ್ನೋ ಹಾಗಾಯ್ತಲ್ಲ ಮೇಡಂ. ರಾಜ್ಯೋತ್ಸವದ ದಿನ ಸಿಗೋಣ.

ಸುಮಾ_ಸ್ಟುಟ್‌ಗಾರ್ಟ್:
ರಾಜ್ಯೋತ್ಸವದಲ್ಲಿ ಕನ್ನಡ, ನೆಟ್ಸ್‌ನಲ್ಲಿ ಜರ್ಮನ್. ಇದರಲ್ಲಿ ಕೋಪ ಮಾಡ್ಕೊಳ್ಳೋಕೆ ಏನಿದೆ?

ವಿನುತಾ_ಬವೇರಿಯಾ:
ಎಲ್ಲರಿಗೂ ಥ್ಯಾಂಕ್ಸ್. 2500ರಲ್ಲಿ ಸಾಮಾನು ಎಲ್ಲಿಂದ ತರಿಸಲಿ? ಇಂಗ್ಲೆಂಡ್ ಅಂಗಡಿಯಲ್ಲಿ ಸೈಜ್ ಸಿಗ್ತಿದೆ.

ಕಾವೇರಿ_ರೈನ್:
ಬೆಂಗಳೂರಿಗೆ ಹೋಗಿ ಬರೋರ ಸೂಟ್‌ಕೇಸಿನಲ್ಲಿ ಹಾಕಿಸಿ. ತಲಾ 430 ಯೂರೋವರೆಗೆ ಏನೂ ಕಟ್ಟಬೇಕಿಲ್ಲ.

ಲೆಕ್ಕದ_ಮೂರ್ತಿ:
ಆ 430 ಸ್ವಂತ ಬಳಕೆಗೆ. ಸಂಘದ ಎಂಟು ಬ್ಯಾಟನ್ನ ಸ್ವಂತಕ್ಕೆ ಅಂತ ಯಾವ ಅಧಿಕಾರಿ ನಂಬ್ತಾರೆ? ಹೊಸ ಸಂಘದ ಹೆಸರಿಗೆ ಮೊದಲೇ ಮಸಿ ಬಳೀಬೇಡಿ.

ಇಂಗ್ಲೆಂಡ್‌ನಿಂದ ತರಿಸಿದ್ರೆ ಬ್ರೆಕ್ಸಿಟ್ ಆದ್ಮೇಲೆ ಶೇ. 19 ಆಮದು ತೆರಿಗೆ ತಪ್ಪಲ್ಲ. ಸುಂಕದ ಕಥೆ ಬೇರೆ. ಸುಂಕದ ಪಟ್ಟಿಯಲ್ಲಿ ಕ್ರಿಕೆಟ್ ಸಾಮಾನಿನ ಸಂಖ್ಯೆ 9506 99 10, ಚೆಂಡಿಗೆ 9506 69 10, ಎರಡಕ್ಕೂ ಸುಂಕ ಸೊನ್ನೆ. ಬಿಲ್ಲಿನಲ್ಲಿ ಬರೀ ‘ಕ್ರೀಡಾ ಸಾಮಗ್ರಿ’ ಅಂತಿದ್ರೆ ಕೊರಿಯರ್‌ನವರು 9506 99 90ಕ್ಕೆ ತಳ್ತಾರೆ, ಶೇ. 2.7 ಬೀಳುತ್ತೆ, ಜೊತೆಗೆ ಅವರ ಸೇವಾ ಶುಲ್ಕ. ಅಂಗಡಿಯವರಿಗೆ ಹೇಳಿ ಪ್ರತಿ ಸಾಲಿನಲ್ಲೂ ‘ಕ್ರಿಕೆಟ್ ಬ್ಯಾಟ್’, ‘ಕ್ರಿಕೆಟ್ ಪ್ಯಾಡ್’ ಅಂತ ಬಿಡಿಸಿ ಬರೆಸಿ.

ಕಾವೇರಿ_ರೈನ್:
ಇಂಗ್ಲೆಂಡ್ ಜೊತೆ ಒಪ್ಪಂದ ಇದೆ, ಹೇಗಿದ್ರೂ ಸುಂಕ ಇಲ್ಲ. ಸುಮ್ನೆ ಹೆದರಿಸ್ತೀರಿ.

ಲೆಕ್ಕದ_ಮೂರ್ತಿ:
ಆ ಒಪ್ಪಂದ ಅಲ್ಲಿ ತಯಾರಾದ ಮಾಲಿಗೆ. ಮೀರತ್‌ನಲ್ಲಿ ಮಾಡಿದ ಪ್ಯಾಡ್ ಲಂಡನ್ ಗೋದಾಮಿನಿಂದ ಬಂದ ಮಾತ್ರಕ್ಕೆ ಇಂಗ್ಲೆಂಡಿನದ್ದಾಗಲ್ಲ. ಹೆಲ್ಮೆಟ್, ಗ್ಲೌಸ್ ಅಂತೂ 9506ರೊಳಗೇ ಬರಲ್ಲ, ಅವಕ್ಕೆ ಬೇರೆ ಅಧ್ಯಾಯ. ಒಂದೇ ಪೆಟ್ಟಿಗೆಯಲ್ಲಿ ಎಲ್ಲ ಹಾಕಿಸಿದ್ರೂ ಬಿಲ್ಲಿನ ಸಾಲು ಬೇರೆ ಬೇರೆ ಇರ್ಲಿ.

ಹುಬ್ಬಳ್ಳಿ_ಹುಡುಗ:
ಅಕ್ಕಾವ್ರ, ಇವರ ಜಗಳ ಮುಗಿಯಂಗಿಲ್ಲ. ಮ್ಯಾಟ್ ತರಸೋ ಮುಂಚೆ ಆ ಮೈದಾನದ ಹುಲ್ಲಿನ ಕೆಳಗ ನೀರು ಚಿಮ್ಮಸೋ ಪೈಪ್ ಎಲ್ಲೆಲ್ಲಿ ಹೋಗ್ಯಾವ ಅಂತ ಫುಟ್‌ಬಾಲಿನವ್ರ ಕಡೆ ನಕ್ಷಾ ಇಸ್ಕೊಳ್ರಿ. ಅರವತ್ತು ಮೊಳಿ ಹೊಡೀಬೇಕಲ್ಲ.