ಹಳೆಯ ಪಿಕಪ್: ರಿವರ್ಸ್ ಬೀಳುತ್ತಿಲ್ಲ, ಎರಡನೇ ಗೇರಿಗೆ ಕರ್ ಸದ್ದು, ಗೇರ್ ಬಾಕ್ಸ್ ಇಳಿಸಬೇಕಾ?

ಪ್ರಶ್ನೆ

2007ರ ಡೀಸೆಲ್ ಪಿಕಪ್, 5 ಗೇರ್, ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ಕೆಲಸ ಮಾಡುವ) ಕ್ಲಚ್. ತಿಪಟೂರು ಕಡೆ ತೆಂಗಿನಕಾಯಿ ಲೋಡಿಗೆ ಓಡುವ ಗಾಡಿ. ಸ್ಟಾರ್ಟ್ ಮಾಡಿ ಫಸ್ಟ್ ಹಾಕಿದರೆ ಬಿಗಿ, ರಿವರ್ಸ್ ಅಂತೂ ಕರ್ ಅನ್ನುತ್ತದೆ. ಪೆಡಲ್ ಎರಡು ಮೂರು ಸಲ ತುಳಿದರೆ ಬೀಳುತ್ತದೆ. ಮೂರರಿಂದ ಎರಡಕ್ಕೆ ಇಳಿಸುವಾಗಲೂ ಸದ್ದು. ಹೋದ ಸರ್ವೀಸಿನಲ್ಲಿ ಕ್ರೌನ್ ಹೌಸಿಂಗಿಗೂ (ಹಿಂದಿನ ಆಕ್ಸಲ್ ನಡುವಿನ ಗೇರ್ ಗುಂಡು) ಗೇರ್ ಬಾಕ್ಸಿಗೂ ಒಂದೇ ಡಬ್ಬದ ಇಪಿ 90 ಗೇರ್ ಆಯಿಲ್ ಹಾಕಿದ್ದಾರೆ. ಬಾಕ್ಸ್ ಇಳಿಸಿ ಬಿಚ್ಚೋಣ ಅಂತಿದ್ದಾರೆ ಮೆಕ್ಯಾನಿಕ್.

ಉತ್ತರ

ಈಗಲೇ ಇಳಿಸಬೇಡಿ ಸರ್. ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ತೊಂದರೆ ಇರುವ ಹಾಗಿದೆ. ಫಸ್ಟ್, ರಿವರ್ಸ್ ತೊಂದರೆ ಕ್ಲಚ್ಚಿನದು. ಮೂರರಿಂದ ಎರಡಕ್ಕೆ ಬರುವ ಸದ್ದನ್ನು ಆಮೇಲೆ ನೋಡೋಣ.

ಎಂಜಿನ್ ಆಫ್ ಮಾಡಿ ಎಲ್ಲ ಗೇರ್ ಹಾಕಿ ನೋಡಿ. ಸಲೀಸಾಗಿ ಬಿದ್ದರೆ ಲಿವರ್, ಫೋರ್ಕ್ (ಒಳಗೆ ಗೇರ್ ಸರಿಸುವ ಕವೆ) ಕಡೆ ದೊಡ್ಡ ದೋಷವಿಲ್ಲ. ಈಗ ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ತುಳಿದು ಐದಾರು ಸೆಕೆಂಡ್ ಕಾದು ರಿವರ್ಸ್ ಹಾಕಿ. ಈ ಕಾಯುವುದು ಮುಖ್ಯ. ಹಳೆಯ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ರಿವರ್ಸಿಗೆ ಸಿಂಕ್ರೋ (ಹಲ್ಲು ಸೇರುವ ಮೊದಲು ವೇಗ ಹೊಂದಿಸುವ ರಿಂಗ್) ಇರುವುದಿಲ್ಲ, ಒಳಗಿನ ಶಾಫ್ಟ್ ತಿರುಗಾಟ ನಿಲ್ಲುವ ಮೊದಲೇ ಹಾಕಿದರೆ ಒಳ್ಳೆಯ ಕ್ಲಚ್ಚಿದ್ದರೂ ಸದ್ದು ಬರುತ್ತದೆ. ಕಾದ ಮೇಲೂ ಕರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅಂದರೆ ತುಳಿದರೂ ಎಂಜಿನ್ನಿನಿಂದ ಬಾಕ್ಸ್ ಪೂರ್ತಿ ಬೇರೆಯಾಗುತ್ತಿಲ್ಲ.

ಪೆಡಲ್ ಪಂಪ್ ಮಾಡಿದರೆ ಗೇರ್ ಬೀಳುತ್ತದೆ ಅಂದಿರಲ್ಲ, ಅದಕ್ಕೇ ಹೈಡ್ರಾಲಿಕ್ ಮೇಲೆ ಅನುಮಾನ. ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರುವ ಕವಚ) ಪಕ್ಕದ ಸ್ಲೇವ್ ಸಿಲಿಂಡರ್ (ಆಯಿಲ್ ಒತ್ತಡದಿಂದ ಕ್ಲಚ್ ಫೋರ್ಕನ್ನು ತಳ್ಳುವುದು) ಹತ್ತಿರ ಸ್ಕೇಲ್ ಹಿಡಿದು, ಇನ್ನೊಬ್ಬರಿಗೆ ಪೆಡಲ್ ತುಳಿಯಲು ಹೇಳಿ. ಅದರ ಪುಶ್ ರಾಡ್ (ತಳ್ಳುವ ಕಡ್ಡಿ) ಮೊದಲ ತುಳಿತಕ್ಕೆ ಎಷ್ಟು ಮಿ.ಮೀ. ಸರಿಯಿತು, ಮೂರನೇ ತುಳಿತಕ್ಕೆ ಎಷ್ಟು ಅಂತ ಬರೆದುಕೊಳ್ಳಿ. ಮೂರನೆಯದು ಎದ್ದು ಕಾಣುವಷ್ಟು ಜಾಸ್ತಿ ಇದ್ದರೆ ಲೈನಿನಲ್ಲಿ ಗಾಳಿ ಇದೆ, ಇಲ್ಲವೇ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರಿನ ವಾಷರ್ (ರಬ್ಬರ್ ಸೀಲ್) ಸವೆದಿದೆ. ಪೆಡಲ್ ಒತ್ತಿ ಹಿಡಿದೇ ಇದ್ದಾಗ ರಾಡ್ ನಿಧಾನಕ್ಕೆ ಹಿಂದೆ ಸರಿದು, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಮಾಸ್ಟರೇ ಹೋಗಿದೆ. ಸ್ಲೇವಿನ ರಬ್ಬರ್ ಬೂಟ್ ಎತ್ತಿ ನೋಡಿ, ಒಳಗೆ ಒದ್ದೆ ಇದ್ದರೆ ಅದರ ಕಿಟ್ (ಒಳಗಿನ ರಬ್ಬರ್ ಸೀಲುಗಳು) ಹೋಗಿದೆ. ಹಳೇ ರಬ್ಬರ್ ಹೋಸ್ ತುಳಿದಾಗ ಉಬ್ಬುತ್ತದಾ ಅಂತಲೂ ಕಣ್ಣಿಡಿ.

ಕೇಳಿದವರು

ಆಫ್ ಮಾಡಿದರೆ ಎಲ್ಲಾ ಗೇರ್ ಸಲೀಸು. ಐದು ಸೆಕೆಂಡ್ ಕಾದರೂ ರಿವರ್ಸ್ ಸದ್ದು. ರಾಡ್ ಮೊದಲ ತುಳಿತಕ್ಕೆ 8 ಮಿ.ಮೀ., ಮೂರನೆಯದಕ್ಕೆ 14. ಬೂಟ್ ಒಳಗೆ ಒದ್ದೆ.

ಉತ್ತರ

ಹಾಗಾದರೆ ಸ್ಲೇವ್ ಬದಲಿಸಿ. ಬೋರಿನಲ್ಲಿ (ಸಿಲಿಂಡರಿನ ಒಳಗೋಡೆ) ಗೀರು ಬಿದ್ದಿದ್ದರೆ ಕಿಟ್ ಹಾಕಿ ಪ್ರಯೋಜನವಿಲ್ಲ, ಮತ್ತೆ ಸೋರುತ್ತದೆ, ಪೂರ್ತಿ ಸಿಲಿಂಡರ್ ಹಾಕಿ. ಕ್ಲಚ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲ್ ಮಾತ್ರ. ಎಂಜಿನ್ ಆಯಿಲ್ ಒಂದು ಹನಿ ಬಿದ್ದರೂ ವಾಷರ್ ಉಬ್ಬಿ ಹಾಳಾಗುತ್ತದೆ. ಬ್ರೇಕ್ ಆಯಿಲ್ ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಲೈನಿನ ಏರ್ ತೆಗೆಯುವಾಗ ಸ್ಲೇವಿನ ನಿಪ್ಪಲ್ಲಿಗೆ (ಗಾಳಿ ಬಿಡುವ ಸ್ಕ್ರೂ) ಪಾರದರ್ಶಕ ಟ್ಯೂಬ್ ಹಾಕಿ, ಅದರ ತುದಿ ಬಾಟಲಿನ ಆಯಿಲಿನಲ್ಲಿ ಮುಳುಗಿರಲಿ. ನಿಧಾನಕ್ಕೆ ತುಳಿದು ಹಿಡಿಯಿರಿ, ನಿಪ್ಪಲ್ ಸಡಿಲ ಮಾಡಿ, ಅದನ್ನು ಮುಚ್ಚಿದ ಮೇಲೇ ಪೆಡಲ್ ಬಿಡಿ. ಗುಳ್ಳೆ ನಿಲ್ಲುವವರೆಗೆ ಮಾಡಿ, ನಡುವೆ ಮೇಲಿನ ಡಬ್ಬಿ ಖಾಲಿಯಾಗದಿರಲಿ. ಕೊನೆಗೆ ಪೆಡಲ್ ಮೇಲ್ಭಾಗದಲ್ಲಿ ಸ್ವಲ್ಪ ಫ್ರೀ ಪ್ಲೇ (ಒತ್ತಡವಿಲ್ಲದ ಸಡಿಲ ಚಲನೆ) ಇದೆಯಾ ನೋಡಿ. ಅದೇ ಇಲ್ಲದಿದ್ದರೆ ಮಾಸ್ಟರ್ ಪಿಸ್ಟನ್ ಪೂರ್ತಿ ಹಿಂದೆ ಬರದೆ, ಲೈನಿನಲ್ಲಿ ಒತ್ತಡ ಉಳಿದು ಕ್ಲಚ್ ಪ್ಲೇಟ್ ಜಾರಿ ಸುಡುತ್ತದೆ.

ರಾಡ್ ಪೂರ್ತಿ ಸರಿದರೂ ರಿವರ್ಸ್ ಉಜ್ಜಿದರೆ ಮಾತ್ರ ಬಾಕ್ಸ್ ಇಳಿಸುವ ಮಾತು. ಆಗ ಪೈಲಟ್ ಬೇರಿಂಗ್ (ಬಾಕ್ಸ್ ಶಾಫ್ಟಿನ ಮುಂದಿನ ತುದಿ ಹೊತ್ತಿರುವುದು) ಹಿಡಿದಿದೆಯಾ, ಪ್ಲೇಟ್ ಸ್ಪ್ಲೈನ್ (ಶಾಫ್ಟಿನ ಉದ್ದ ಹಲ್ಲುಗಳು) ಮೇಲೆ ತುಕ್ಕಿಗೆ ಅಂಟಿದೆಯಾ, ರಿಲೀಸ್ ಫೋರ್ಕ್ (ಕ್ಲಚ್ ಬಿಡಿಸುವ ಕವೆ) ಬಗ್ಗಿದೆಯಾ ನೋಡಿಸಿ.

ಇನ್ನೊಬ್ಬರ ಉತ್ತರ

ಎರಡನೇ ಗೇರಿನ ವಿಷಯ ನಾನು ಹೇಳುತ್ತೇನೆ. ಇಪಿ 90 ಡಬ್ಬದ ಮೇಲೆ ಜಿಎಲ್-4 ಅಂತ ಇದೆಯೋ ಜಿಎಲ್-5 ಅಂತಲೋ ಓದಿ, ಇವು ಗೇರ್ ಆಯಿಲಿನ ದರ್ಜೆಗಳು. ಕ್ರೌನಿಗೆ ಹಾಕುವುದು ಸಾಮಾನ್ಯವಾಗಿ ಜಿಎಲ್-5. ಜಿಎಲ್-4 ಕೇಳುವ ಬಾಕ್ಸಿಗೆ ಅದನ್ನು ಹಾಕಿದರೆ ಹಿತ್ತಾಳೆಯ ಸಿಂಕ್ರೋ ರಿಂಗ್ ಗೇರಿನ ಕೋನನ್ನು (ಶಂಕುವಿನಾಕಾರದ ಭಾಗ) ಹಿಡಿಯಬೇಕಾದ ಕಡೆ ಜಾರುತ್ತದೆ, ಗೇರಿನ ವೇಗ ಹೊಂದುವ ಮೊದಲೇ ಹಲ್ಲು ಹಲ್ಲಿಗೆ ತಾಗುತ್ತದೆ. ಅದರ ಗಂಧಕ ಸೇರಿದ ರಾಸಾಯನಿಕಗಳು ಹಿತ್ತಾಳೆಯನ್ನು ತಿನ್ನುವ ಅಪಾಯವೂ ಇದೆ.

ಗಾಡಿ ಓಡಿಸಿ ಬಂದು, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಆಯಿಲ್ ಬೆಚ್ಚಗಿರುವಾಗ ಇಳಿಸಿ. ಮೊದಲು ಬಿಚ್ಚಬೇಕಾದ್ದು ಪಕ್ಕದ ಫಿಲ್ಲರ್ ಪ್ಲಗ್. ಕೆಳಗಿನದು ಬಿಚ್ಚಿ ಖಾಲಿ ಮಾಡಿದ ಮೇಲೆ ಮೇಲಿನದು ಬಾರದಿದ್ದರೆ ಗಾಡಿ ಅಲ್ಲೇ ನಿಂತಿತು. ಇಳಿದ ಆಯಿಲಿನಲ್ಲಿ ಚಿನ್ನದ ಪುಡಿಯ ಹಾಗೆ ಸ್ವಲ್ಪ ಹೊಳೆದರೆ ರಿಂಗಿನ ಸವೆತ, ಭಯಪಡಬೇಡಿ. ಮ್ಯಾಗ್ನೆಟ್ಟಿಗೆ ಉಕ್ಕಿನ ಚೂರು ಅಂಟಿದ್ದರೆ ಹಲ್ಲೋ ಬೇರಿಂಗೋ ಹೋಗಿದೆ, ಬಿಚ್ಚಲೇಬೇಕು. ಕೈಪಿಡಿ ಹೇಳುವ ದಪ್ಪದ ಜಿಎಲ್-4 ತುಂಬಿ, ಫಿಲ್ಲರ್ ತೂತಿನ ಅಂಚಿನಿಂದ ಸೋರಲು ಶುರುವಾದಾಗ ನಿಲ್ಲಿಸಿ.

ಕ್ಲಚ್ ಸರಿಯಾಗಿ, ಹೊಸ ಆಯಿಲಿನಲ್ಲಿ ಒಂದಷ್ಟು ಓಡಿದ ಮೇಲೂ ಎರಡಕ್ಕೆ ಸದ್ದಿದ್ದರೆ ಡಬಲ್ ಕ್ಲಚ್ ಹೊಡೆದು ನೋಡಿ: ಮೂರರಿಂದ ನ್ಯೂಟ್ರಲ್, ಕ್ಲಚ್ ಬಿಟ್ಟು ಸ್ವಲ್ಪ ರೇಸ್, ಮತ್ತೆ ಕ್ಲಚ್, ಎರಡು. ಹೀಗೆ ಸದ್ದಿಲ್ಲದೆ ಬಿದ್ದರೆ ರಿಂಗ್ ಸವೆದಿರುವುದು ಖಾತ್ರಿ. ಬಾಕ್ಸ್ ಬಿಚ್ಚಿದಾಗ ರಿಂಗ್ ಒಂದನ್ನೇ ಹಾಕಿ ಮುಚ್ಚಲು ಬಿಡಬೇಡಿ. ಸ್ಲೀವಿನ (ಸರಿದು ಗೇರಿನ ಹಲ್ಲಿಗೆ ಸೇರುವ ಬಳೆ) ಹಲ್ಲಿನ ತುದಿ ಚೂಪಾಗಿರಬೇಕು, ದುಂಡಗಾಗಿದ್ದರೆ ಹೊಸ ರಿಂಗೂ ಬೇಗ ಹೋಗುತ್ತದೆ.